ಹದಿನಾಲ್ಕು ಖಾತೆಗೆ ಒಂದೇ ನಂಬರು

ಹೋದ ತಿಂಗಳು ತುಮಕೂರಿನಲ್ಲಿ ನಮ್ಮ ಬ್ಯಾಂಕಿನ ತರಬೇತಿಗೆ ನನ್ನನ್ನು ಕರೆದಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಆನ್‌ಲೈನ್ ಸುರಕ್ಷತೆಯ ಬಗ್ಗೆ ಹತ್ತು ನಿಮಿಷ ಮಾತಾಡಬೇಕಂತೆ. ನಿವೃತ್ತನಾಗಿ ಮೂರು ವರ್ಷವಾದ ಮೇಲೆ ಈ ರುದ್ರಯ್ಯ ನೆನಪಾದನಲ್ಲ ಎಂದು ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಗೋಡೆಯ ಪರದೆಯ ಮೇಲೆ ತಲೆಗೆ ಮುಸುಕು ಹಾಕಿಕೊಂಡು ಕಂಪ್ಯೂಟರ್ ಮುಂದೆ ಕೂತ ಕಳ್ಳನ ಚಿತ್ರ. ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ಅಂಥ ಮುಸುಕಿನವನನ್ನು ನಾನು ಒಂದು ದಿನವೂ ಕಂಡವನಲ್ಲ. ಕಳ್ಳ ಎಲ್ಲೋ ದೂರದಲ್ಲಿರುತ್ತಾನೆ, ಅವನಿಗೆ ಬಾಗಿಲು ತೆಗೆಯುವವರು ಮಾತ್ರ ಇಲ್ಲೇ ಕೌಂಟರಿನಲ್ಲಿ ಕೂತಿರುತ್ತಾರೆ. ಇದನ್ನೇ ಹೇಳಲು ಶುರು ಮಾಡಿದೆ. ನಾಲ್ಕನೇ ನಿಮಿಷಕ್ಕೆ ಸೂಟು ಹಾಕಿದ ಒಬ್ಬ ಅಧಿಕಾರಿ ಬಂದು ಕಿವಿಯಲ್ಲಿ, “ಸಾರ್, ಸ್ವಲ್ಪ ಪಾಸಿಟಿವ್ ಆಗಿ ಮಾತಾಡಿ” ಎಂದರು. ಆರನೇ ನಿಮಿಷಕ್ಕೆ ಊಟದ ಹೊತ್ತಾಯಿತು ಎಂದು ಮೈಕು ಇಸಿದುಕೊಂಡರು.

ಅಲ್ಲಿ ಹೇಳಲು ಬಿಡದೆ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಗುಬ್ಬಿ ಶಾಖೆಯಲ್ಲಿದ್ದಾಗ ಶಿವಗಂಗಮ್ಮ ಎಂಬ ಹೆಂಗಸಿಗೆ ಕಳ್ಳಿ ಎಂಬ ಹೆಸರು ಬಂತು. ಆಕೆ ಕದ್ದಿರಲಿಲ್ಲ. ಅದು ನನಗೆ ಅವತ್ತೇ ಗೊತ್ತಿತ್ತು, ಆದರೂ ಬಾಯಿ ಬಿಡಲಿಲ್ಲ. ಬಡ್ತಿಯ ಕಥೆ, ಸನ್ಮಾನದ ಕಥೆ ಬೇಕಾದವರು ಬೇರೆ ಯಾರನ್ನಾದರೂ ಕೇಳಿ. ನನಗೆ ಸಿಕ್ಕಿದ್ದು ಒಂದೇ ಬಡ್ತಿ, ಅದೂ ಮುಂದಿದ್ದವರು ಬೇಡ ಅಂದಿದ್ದಕ್ಕೆ.

ಕೆಲಸಕ್ಕೆ ಸೇರಿದ್ದು ತುಮಕೂರಿನಲ್ಲಿ, ಲೆಡ್ಜರುಗಳ ಕಾಲದಲ್ಲಿ. ಆಮೇಲೆ ಕಂಪ್ಯೂಟರ್ ಬಂತು, ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್ ಕೊಟ್ಟರು. ವಾರ ಕಳೆಯುವಷ್ಟರಲ್ಲಿ ಎಲ್ಲರ ಪಾಸ್‌ವರ್ಡೂ ಎಲ್ಲರಿಗೂ ಬಾಯಿಪಾಠ. ನಮ್ಮ ಅಧಿಕಾರಿಯದು ಮೇಜಿನ ಗಾಜಿನ ಕೆಳಗೆ, ದೇವರ ಫೋಟೊದ ಪಕ್ಕ ಚೀಟಿಯಲ್ಲಿ ಬರೆದಿಟ್ಟಿರುತ್ತಿತ್ತು. ನಾನು ನಮೂದಿಸಿದ್ದನ್ನು ಅವರು ನೋಡಿ ಒಪ್ಪಬೇಕು ಎಂಬುದು ನಿಯಮ. ಅವರು ಕಾಫಿಗೆ ಏಳುವಾಗ “ರುದ್ರಯ್ಯ, ನಂದ್ರಲ್ಲೇ ನೀವೇ ಪಾಸ್ ಮಾಡ್ಬುಡ್ರೀ” ಅನ್ನುತ್ತಿದ್ದರು. ನನ್ನದನ್ನು ನಾನೇ ಬರೆದು ನಾನೇ ಒಪ್ಪುತ್ತಿದ್ದೆ. ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು ಹೋಗುವಷ್ಟೇ ಸಲೀಸು. ಕೊಡದಿದ್ದರೆ ಅವಮಾನ.

ಒಮ್ಮೆ ಒಬ್ಬ ಹೊಸ ಅಧಿಕಾರಿಣಿ ಬಂದರು, ಇನ್ನೂ ಮೂವತ್ತು ದಾಟಿರಲಿಲ್ಲ. ಮೊದಲ ದಿನವೇ “ನನ್ ಪಾಸ್‌ವರ್ಡ್ ನಾನೇ ಒತ್ತೀನಿ ಸಾರ್, ತಪ್ಪು ತಿಳ್ಕೋಬೇಡಿ” ಎಂದರು. ಕಾಫಿಗೂ ಕಂಪ್ಯೂಟರ್ ಮುಚ್ಚಿ ಏಳುತ್ತಿದ್ದರು. ನಾವು ಅವರಿಗೆ ‘ಅನುಮಾನದಮ್ಮ’ ಎಂದು ಹೆಸರಿಟ್ಟೆವು. ಅವರು ಬಂದ ಕೂಡಲೇ ನಾನೇ ಎರಡು ಕೈಯಲ್ಲಿ ಕೀಬೋರ್ಡ್ ಮುಚ್ಚಿಕೊಂಡು “ಅಯ್ಯೋ, ನೋಡ್ಬುಟ್ರು!” ಎಂದು ನಾಟಕ ಮಾಡುತ್ತಿದ್ದೆ, ಉಳಿದವರು ನಗುತ್ತಿದ್ದರು. ಎಂಟು ತಿಂಗಳಿಗೆ ವರ್ಗ ಮಾಡಿಸಿಕೊಂಡು ಹೋದರು. ಆ ಶಾಖೆಯಲ್ಲಿ ಕೆಲಸ ಬಲ್ಲವರು ಅವರೊಬ್ಬರೇ ಆಗಿದ್ದರು. ಅದು ನನಗೆ ತಿಳಿದದ್ದು ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರಲ್ಲ, ಹಾಗೆ.

ಅಲ್ಲಿಂದ ನನ್ನನ್ನು ಕುಣಿಗಲ್ಲಿಗೆ ಹಾಕಿದರು. ಅಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ನಮ್ಮ ಗ್ರಾಹಕರು. ನನಗೂ ಅವರಿಗೂ ಬೀಗರಷ್ಟು ಸಲುಗೆ. ಒಂದು ಮಧ್ಯಾಹ್ನ ಫೋನ್ ಕಿವಿಗೆ ಹಿಡಿದುಕೊಂಡೇ ಕೌಂಟರಿಗೆ ಬಂದರು. “ರುದ್ರಯ್ಯ, ನಿಮ್ ಹೆಡ್ಡಾಫೀಸಿಂದ ಫೋನು. ಕಾರ್ಡ್ ಬ್ಲಾಕ್ ಆಗ್ತದಂತೆ. ನಂಬರ್ ಕೇಳ್ತಾವ್ರೆ, ಕನ್ನಡಕ ಮರ್ತ್ ಬಂದಿದೀನಿ, ಸ್ವಲ್ಪ ಓದಪ್ಪ” ಎಂದು ಕಾರ್ಡನ್ನು ಒಳಗೆ ತಳ್ಳಿದರು. ನಾನು ಅವರ ಫೋನನ್ನೂ ಇಸಿದುಕೊಂಡು ಓದಿದೆ. ಮುಂದಿನ ನಂಬರು ಓದಿದೆ, ಹಿಂದಿನ ಮೂರಂಕಿ ಓದಿದೆ. ಅಷ್ಟರಲ್ಲಿ ಅವರ ಫೋನಿಗೆ ಬಂದ ಮೆಸೇಜಿನ ಅಂಕಿಯನ್ನೂ ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಓದಿದೆ. ಆ ಕಡೆಯವನು “ಬಹಳ ಉಪಕಾರವಾಯಿತು ಸಾರ್” ಎಂದ. ಅಷ್ಟು ಮರ್ಯಾದೆಯ ಕನ್ನಡ ನಮ್ಮ ಹೆಡ್ಡಾಫೀಸಿನವರು ಎಂದೂ ಮಾತಾಡಿದವರಲ್ಲ. ಆಗಲೇ ನನಗೆ ಗೊತ್ತಾಗಬೇಕಿತ್ತು.

ಸಂಜೆಗೆ ಮೇಷ್ಟ್ರ ಖಾತೆ ಬರಿದಾಗಿತ್ತು. ಬ್ಯಾಂಕಿನ ಗುಮಾಸ್ತನೇ, ಬ್ಯಾಂಕಿನ ಕುರ್ಚಿಯಲ್ಲೇ ಕೂತು, ಕಳ್ಳನಿಗೆ ಬೀಗದ ಕೈ ಕೊಟ್ಟಿದ್ದ. ನಾನು ಅಳುವ ಸ್ಥಿತಿಗೆ ಬಂದಿದ್ದೆ. ಮೇಷ್ಟ್ರೇ ನನ್ನ ಕೈ ಹಿಡಿದುಕೊಂಡು, “ಬುಡಪ್ಪ, ನಾನೇ ಹೇಳ್ದೆ ಅಂತ ದೂರಲ್ಲಿ ಬರೀತೀನಿ. ನಿನ್ ಕೆಲ್ಸಕ್ಕೆ ಯಾಕೆ ಕುತ್ತು?” ಎಂದರು. ಹಾಗೇ ಬರೆದರು. ಮ್ಯಾನೇಜರು ಆ ದೂರು ಓದಿ ನನ್ನ ಮುಖ ನೋಡಿ ಫೈಲಿಗೆ ಹಾಕಿದರು. ಮೇಷ್ಟ್ರದು ದೊಡ್ಡ ಮನಸ್ಸು. ನಾನು ಅದರಿಂದ ಕಲಿತದ್ದು ಮಾತ್ರ ನೀಚ ಪಾಠ: ಬಾಯಿ ಮುಚ್ಚಿಕೊಂಡಿದ್ದರೆ ಬೇರೆ ಯಾರೋ ಹೊತ್ತುಕೊಳ್ಳುತ್ತಾರೆ.

ಈ ಕಳ್ಳತನ ಬದಲಾದ ಬಗೆಯನ್ನೂ ಒಂದಿಷ್ಟು ಹೇಳಬೇಕು. ಹಿಂದೆ ಬ್ಯಾಂಕಿಗೆ ಮೋಸ ಮಾಡುವವನು ಸಹಿ ಕಲಿಯಬೇಕಿತ್ತು, ನಮ್ಮ ಮುಂದೆ ಬಂದು ನಿಲ್ಲಬೇಕಿತ್ತು, ಕೈ ನಡುಗದಂತೆ ನೋಡಿಕೊಳ್ಳಬೇಕಿತ್ತು. ಆಮೇಲೆ ಅವನು ಫೋನಿನಲ್ಲೇ ಕಾರ್ಡಿನ ನಂಬರು ಕೇಳತೊಡಗಿದ. ನಾವು ‘ನಂಬರ್ ಹೇಳಬೇಡಿ’ ಎಂದು ಬೋರ್ಡ್ ಹಾಕಿದೆವು, ಅವನು ಓಟಿಪಿ ಕೇಳಿದ. ‘ಓಟಿಪಿ ಹೇಳಬೇಡಿ’ ಎಂದು ಬೋರ್ಡ್ ಬದಲಾಯಿಸುವಷ್ಟರಲ್ಲಿ ಅವನು ಕೇಳುವುದನ್ನೇ ಬಿಟ್ಟಿದ್ದ. ಸೀದಾ ಫೋನಿನೊಳಗೇ ಬಂದು ಕೂತು ತಾನೇ ಓದಿಕೊಳ್ಳತೊಡಗಿದ. ನಮ್ಮ ಬೋರ್ಡು ಯಾವತ್ತೂ ಹೋದ ವರ್ಷದ ಕಳ್ಳನಿಗೆ ಬರೆದದ್ದು.

ಕೊನೆಯ ನಾಲ್ಕು ವರ್ಷ ಗುಬ್ಬಿ. ಶಿವಗಂಗಮ್ಮ ಕಡಬದ ಕಡೆಯ ಹಳ್ಳಿಯವಳು. ನಲವತ್ತರ ಆಸುಪಾಸು, ಗಂಡ ತೀರಿಕೊಂಡಿದ್ದ, ಹೊಲಿಗೆ ಮಷೀನು ಇಟ್ಟುಕೊಂಡಿದ್ದಳು. ಊರಿನ ಸ್ತ್ರೀಶಕ್ತಿ ಸಂಘದ ಮುಖ್ಯಸ್ಥೆ. ತಿಂಗಳಿಗೊಮ್ಮೆ ವಯಸ್ಸಾದ ಹೆಂಗಸರನ್ನು ಆಟೋದಲ್ಲಿ ತುಂಬಿಸಿಕೊಂಡು ಬಂದು ಪೆನ್ಷನ್ ತೆಗೆಸಿಕೊಂಡು ಹೋಗುತ್ತಿದ್ದಳು. ಚಲನ್ ಅವಳೇ ತುಂಬುತ್ತಿದ್ದಳು, ತಪ್ಪಿಲ್ಲದೆ. ನಮ್ಮ ಇಬ್ಬರು ಪದವೀಧರ ಗುಮಾಸ್ತರಿಗಿಂತ ಅವಳ ಬರಹ ಚೆನ್ನಾಗಿತ್ತು.

ನಾನು ನಿವೃತ್ತನಾಗುವ ಹಿಂದಿನ ವರ್ಷ ಪ್ರತಿ ಖಾತೆಗೂ ಮೊಬೈಲ್ ನಂಬರ್ ಜೋಡಿಸಬೇಕು ಎಂದು ಮೇಲಿನಿಂದ ಒತ್ತಡ ಬಂತು. ನಮ್ಮ ಮ್ಯಾನೇಜರಿಗೆ ದಿನ ಬೆಳಗಾದರೆ ವಿಡಿಯೊ ಮೀಟಿಂಗಿನಲ್ಲಿ ಮಂಗಳಾರತಿ. ಆ ಮಂಗಳಾರತಿಯನ್ನು ಅವರು ಹನ್ನೊಂದು ಗಂಟೆಗೆ ನಮಗೆ ಹಂಚುತ್ತಿದ್ದರು. “ರೀ ರುದ್ರಯ್ಯ, ಖಾತೆ ಮುಂದೆ ನಂಬರ್ ಇರ್ಬೇಕು ಅಷ್ಟೇ. ಯಾರ್ದು ಅಂತ ಹೆಡ್ಡಾಫೀಸು ಕೇಳಲ್ಲ.”

“ಸಾರ್, ಮುದುಕೀರ ಹತ್ರ ಫೋನೇ ಇಲ್ಲ.”

“ಅವ್ರನ್ನ ಕರ್ಕೊಂಡ್ ಬರ್ತಾಳಲ್ಲ, ಅವ್ಳ ಹತ್ರ ಇದ್ಯಲ್ಲ!”

ಮಾರನೆಯ ವಾರ ಶಿವಗಂಗಮ್ಮ ಬಂದಾಗ ಕೇಳಿದೆ. ಅವಳು ಹಿಂದೆಗೆದಳು. “ಸಾರ್, ಬೇರೇವ್ರ ದುಡ್ಡಿನ ಮೆಸೇಜು ನನ್ ಫೋನಿಗ್ಯಾಕೆ? ನಾಳೆ ಹೆಚ್ಚುಕಮ್ಮಿ ಆದ್ರೆ ನನ್ ತಲೆ ಮೇಲೆ ಬರಲ್ವಾ?”

“ನಾನಿದೀನಿ ಕಣಮ್ಮ” ಎಂದೆ. “ಬ್ಯಾಂಕಲ್ಲಿ ಕೂತಿರೋನು ನಾನು. ಏನಾದ್ರೂ ಬಂದ್ರೆ ನಾನು ಹೇಳಲ್ವಾ?”

ಆ ಮಾತಿನ ಮೇಲೆ ಒಪ್ಪಿಕೊಂಡಳು. ಹದಿನಾಲ್ಕು ಅರ್ಜಿಯನ್ನೂ ನಾನೇ ನನ್ನ ಕೈಯಾರೆ ತುಂಬಿದೆ, ಹದಿನಾಲ್ಕಕ್ಕೂ ಅವಳ ನಂಬರು ಹಾಕಿದೆ, ಮುದುಕಿಯರು ಹೆಬ್ಬೆಟ್ಟು ಒತ್ತಿದರು. ಅಷ್ಟಕ್ಕೇ ಬಿಡಲಿಲ್ಲ. “ಎಲ್ಲರ ಆಧಾರು, ಪಾಸ್‌ಬುಕ್ಕು, ಕಾರ್ಡು ಫೋಟೊ ಹೊಡ್ದು ಫೋನಲ್ಲಿಟ್ಕೊ, ಪದೇ ಪದೇ ಹೊತ್ಕೊಂಡ್ ಬರೋದು ತಪ್ತದೆ” ಎಂದು ಬುದ್ಧಿವಂತಿಕೆಯನ್ನೂ ಹೇಳಿಕೊಟ್ಟೆ. ಅವಳು ಹಾಗೇ ಮಾಡಿದಳು. ಪೆನ್ಷನ್ ಬಿದ್ದ ದಿನ ಮನೆ ಮನೆಗೆ ಹೋಗಿ “ಅಜ್ಜಿ, ನಿಂದು ಬಂತು” ಎಂದು ಹೇಳಿ ಬರುತ್ತಿದ್ದಳು. ಮ್ಯಾನೇಜರಿಗೆ ಪ್ರಶಂಸಾ ಪತ್ರ ಬಂತು. ನಮಗೆಲ್ಲ ಮೈಸೂರು ಪಾಕು, ಖಾರ ಹಂಚಿದರು. ನಾನೂ ತಿಂದೆ.

ಆಮೇಲೆ ಬಂದದ್ದು ಒಂದು ಲಗ್ನಪತ್ರಿಕೆ. ಹಾಗಲವಾಡಿಯಲ್ಲಿರುವ ಅವಳ ದೊಡ್ಡಮ್ಮನ ಮಗಳ ನಂಬರಿನಿಂದ ವಾಟ್ಸಾಪಿಗೆ ಬಂತು. ಫೈಲಿನ ಮೇಲೆ ‘ಮದುವೆ ಆಮಂತ್ರಣ’ ಎಂದೇ ಇತ್ತು. ನಮ್ಮ ಕಡೆ ಪತ್ರಿಕೆ ತಂದವರನ್ನು ಹೊಸಿಲ ಆಚೆ ನಿಲ್ಲಿಸುವುದುಂಟೇ? ಕೈ ತೊಳೆದು ಬಂದು ಎರಡೂ ಕೈಯಲ್ಲಿ ಇಸಿದುಕೊಳ್ಳುತ್ತೇವೆ, ಅವರ ಎದುರೇ ಓದುತ್ತೇವೆ. ಓದದೆ ಇಟ್ಟರೆ ‘ಪತ್ರಿಕೆ ಕೊಟ್ರೂ ಕಣ್ಣೆತ್ತಿ ನೋಡ್ಲಿಲ್ಲ’ ಎಂದು ಮೂರು ತಲೆಮಾರು ಆಡಿಕೊಳ್ಳುತ್ತಾರೆ. ಶಿವಗಂಗಮ್ಮ ಒತ್ತಿದಳು. ಫೋನು ಏನೇನೋ ಅನುಮತಿ ಕೇಳಿತು, ಎಲ್ಲಕ್ಕೂ ಹೂಂ ಎಂದು ಒತ್ತಿದಳು. ಪತ್ರಿಕೆ ಬರಲಿಲ್ಲ, ಅದರ ಹೆಸರಲ್ಲಿ ಕಳ್ಳನ ಆಪ್ ಫೋನಿನೊಳಗೆ ಬಂದು ಕೂತಿತು. ಮರ್ಯಾದೆಗೆ ಅಕ್ಕನಿಗೆ ಫೋನ್ ಮಾಡಿ, “ಪತ್ರಿಕೆ ತೆರ್‍ಕೊಳ್ಳಲಿಲ್ಲ ಕಣಕ್ಕ, ಬೇಜಾರ್ ಮಾಡ್ಕೋಬ್ಯಾಡ, ಯಾವತ್ತು ಲಗ್ನ?” ಎಂದು ಕೇಳಿದಳು. ಅಕ್ಕ, “ಯಾರ ಲಗ್ನನೇ? ನನ್ ಫೋನು ನಿನ್ನೆಯಿಂದ ಹುಚ್ಚು ಹಿಡ್ದಂಗೆ ಎಲ್ಲರ್ಗೂ ಅದನ್ನೇ ಕಳುಸ್ತಾ ಅದೆ” ಎಂದಳಂತೆ.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಶಿವಗಂಗಮ್ಮ ಬ್ಯಾಂಕಿಗೆ ಬಂದಳು. ಇದನ್ನು ಗಮನವಿಟ್ಟು ಓದಿ. ಆ ಹೆಂಗಸು ಮಾಡಬೇಕಾದ್ದನ್ನು ಮಾಡಿದಳು. ಫೋನನ್ನು ನನ್ನ ಮುಂದೆ ಇಟ್ಟು, “ಸಾರ್, ನಿನ್ನೆ ಹಿಂಗಿಂಗಾಯ್ತು. ಮೆಸೇಜೂ ಬರ್ತಿಲ್ಲ. ಹದಿನಾಲ್ಕು ಜನದ್ದು ಇದ್ರಲ್ಲೇ ಅದೆ, ಸ್ವಲ್ಪ ನೋಡಿ” ಎಂದಳು. ಅವತ್ತು ಕೌಂಟರಿನ ಮುಂದೆ ಬಾಗಿಲತನಕ ಸಾಲು. ನಾನು ತಲೆಯೆತ್ತದೆ, “ಸ್ವಿಚ್ಚಾಫ್ ಮಾಡಿ ಆನ್ ಮಾಡಮ್ಮ, ಸರಿಯಾಗ್ತದೆ. ಇವತ್ತು ರಶ್ಶು, ನಾಳಿದ್ದು ಬಾ” ಎಂದೆ. ಅವಳು ಇನ್ನೊಂದು ಸಲ “ಸಾರ್…” ಎಂದಳು. ನಾನು “ಹೇಳಿದ್ನಲ್ಲಮ್ಮಾ!” ಎಂದು ಗದರಿದೆ.

ಎದ್ದು ಒಳಗೆ ಹೋಗಿ ಹದಿನಾಲ್ಕು ಖಾತೆಯನ್ನು ತಡೆಹಿಡಿಸಲು ಹತ್ತು ನಿಮಿಷ ಸಾಕಿತ್ತು. ಸಹಾಯವಾಣಿಗೆ ಫೋನ್ ಮಾಡಿಸಿ, ಅವಳ ಫೋನಿನ ಇಂಟರ್ನೆಟ್ ನಿಲ್ಲಿಸಿ, ನಂಬರುಗಳನ್ನು ತೆಗೆಸಬಹುದಿತ್ತು. ಹೊಸಬರೇ, ನಿಮಗೆ ನೂರು ಸ್ಲೈಡು ತೋರಿಸುತ್ತಾರೆ. ನನ್ನದು ಒಂದೇ ಮಾತು: ಯಾರಾದರೂ ನಿಮ್ಮ ಮುಂದೆ ನಿಂತು ‘ಫೋನ್ ಯಾಕೋ ಸರಿಯಿಲ್ಲ’ ಎಂದರೆ ಸಾಲು ಹಾಳಾಗಿ ಹೋಗಲಿ, ಕುರ್ಚಿ ಬಿಟ್ಟು ಏಳಿ.

ಅವಳು ‘ನಾಳಿದ್ದು’ ಬರುವಷ್ಟರಲ್ಲಿ ಹದಿನಾಲ್ಕೂ ಖಾತೆ ಖಾಲಿ. ಅವಳದೂ ಸೇರಿ ಹದಿನೈದು. ಮುದುಕಿಯರೆಲ್ಲ ಬಂದು ಬ್ಯಾಂಕಿನೊಳಗೆ ನೆಲದ ಮೇಲೆ ಕೂತರು. ಅವರಲ್ಲಿ ನಂಜಮ್ಮ ಎಂಬಾಕೆ ಹಿರಿಯಳು, ಎಪ್ಪತ್ತೈದು ದಾಟಿತ್ತು, ಬಾಯಿ ಜೋರು. ಅವಳು ಎದ್ದು ನಿಂತು, “ನನ್ ದುಡ್ಡಿಗೆ ಇವಳ ನಂಬರ್ ಹಾಕ್ದೋರ್ ಯಾರು?” ಎಂದಳು.

ಮ್ಯಾನೇಜರು ಅರ್ಜಿ ತಂದು ತೋರಿಸಿದರು. “ನೀವೇ ಕೊಟ್ಟಿರೋದು ಅಜ್ಜಿ. ನೋಡಿ, ನಿಮ್ದೇ ಹೆಬ್ಬೆಟ್ಟು.”

ಶಿವಗಂಗಮ್ಮ ನನ್ನ ಕಡೆ ನೋಡಿದಳು. ಜಗಳವಾಡಲಿಲ್ಲ, ಕೈ ತೋರಿಸಲಿಲ್ಲ. ನಾನು ಹೇಳುತ್ತೇನೆ ಎಂದು ಕಾದಳು ಅಷ್ಟೇ. ನಾನು ಕಂಪ್ಯೂಟರ್ ಪರದೆ ನೋಡುತ್ತಾ ಕೂತೆ. ಅದರಲ್ಲಿ ಏನೂ ಇರಲಿಲ್ಲ.

ಮಧ್ಯಾಹ್ನ ಮ್ಯಾನೇಜರು ಒಳಗೆ ಕರೆದರು. ಕೆಟ್ಟ ಮನುಷ್ಯರೇನಲ್ಲ. ಹೆದರಿದ ಮನುಷ್ಯ. “ರುದ್ರಯ್ಯನೋರೇ, ನಿಮ್ಗಿನ್ನು ಐದೇ ತಿಂಗಳು. ಕೈಬರಹ ನಿಮ್ದು ಅಂತ ನೀವಾಗೇ ಹೇಳೋಕೆ ಹೋಗ್ಬೇಡಿ. ಎನ್‌ಕ್ವೈರಿ ಅಂತ ಇಟ್ರೆ ಪೆನ್ಷನ್ ನಿಂತ್ಹೋಗ್ತದೆ. ನಂದೂ ಎದ್ದೋಗ್ತದೆ.” ನಾನು ಹೂಂ ಎಂದೆ. ತನಿಖೆಗೆ ಬಂದ ಪೊಲೀಸರಿಗೆ ಬರೆದುಕೊಟ್ಟೆ: ‘ಸದರಿ ಮೊಬೈಲ್ ಸಂಖ್ಯೆಯನ್ನು ಗ್ರಾಹಕರ ಕೋರಿಕೆಯ ಮೇರೆಗೆ ನಮೂದಿಸಲಾಗಿದೆ.’ ಅವಳು ಎರಡು ದಿನ ಮೊದಲು ಫೋನು ಹಿಡಿದುಕೊಂಡು ಬಂದಿದ್ದಳು ಎಂಬುದನ್ನು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಥೂ ನನ್ನ ಜನ್ಮಕ್ಕೆ.

ಊರಿನಲ್ಲಿ ತೀರ್ಮಾನವಾಗಿ ಹೋಯಿತು. ನಂಬರು ಅವಳದು, ಕಾರ್ಡಿನ ಫೋಟೊ ಅವಳ ಫೋನಿನಲ್ಲಿ, ಇನ್ನು ಕಳ್ಳಿ ಬೇರೆ ಯಾರು? ಸಂಘದಿಂದ ತೆಗೆದರು. ಹೊಲಿಗೆಗೆ ಬಟ್ಟೆ ಕೊಡುವುದನ್ನು ನಿಲ್ಲಿಸಿದರು. ಅವಳು ಓಲೆ, ಸರ ಮಾರಿ ತೀರಾ ಬಡವರಾದ ನಾಲ್ಕು ಮುದುಕಿಯರಿಗೆ ಒಂದಷ್ಟು ತುಂಬಿಕೊಟ್ಟಳು. ‘ಕದ್ದಿಲ್ದೇ ಇದ್ದಿದ್ರೆ ಯಾಕ್ ಕೊಡ್ತಿದ್ಲು?’ ಎಂದರು. ಬ್ಯಾಂಕಿಗೆ ಪೊಲೀಸರ ಪತ್ರ ಬರುವ ಹೊತ್ತಿಗೆ ಅವಳು ಊರು ಬಿಟ್ಟಿದ್ದಳು. ಹಣ ದೂರದ ಯಾವುದೋ ರಾಜ್ಯದ ಖಾತೆಗಳಿಗೆ ಹೋಗಿದೆ, ಈಕೆಯ ಕೈವಾಡ ಕಂಡುಬಂದಿಲ್ಲ ಎಂದು ಅದರಲ್ಲಿತ್ತು. ಅದರ ನಕಲನ್ನು ಕಡಬದ ಬಸ್ಸು ಹತ್ತಿ ಊರಿಗೆ ಮುಟ್ಟಿಸಲು ಅರ್ಧ ದಿನ ರಜೆ ಸಾಕಿತ್ತು. ನಾನು ಅದನ್ನು ಫೈಲಿಗೆ ಹಾಕಿದೆ. ಆ ತಿಂಗಳ ಕೊನೆಗೆ ನನಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ‘ಕಪ್ಪುಚುಕ್ಕೆಯಿಲ್ಲದ ಸೇವೆ’ ಎಂದು ಮ್ಯಾನೇಜರು ಭಾಷಣ ಮಾಡಿದರು.

ಹೋದ ತಿಂಗಳು ಮೈಕು ಕಿತ್ತುಕೊಂಡ ಮಾರನೆಯ ದಿನ ಅವಳನ್ನು ಹುಡುಕಿಕೊಂಡು ಹೋದೆ. ತುಮಕೂರಿನ ಪಕ್ಕದ ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಪಾಳಿ ಮುಗಿಸಿ ಗೇಟಿನ ಹೊರಗೆ ಬಂದಳು. ಕೂದಲು ಬೆಳ್ಳಗಾಗಿತ್ತು. ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಎಲ್ಲ ಹೇಳಿದೆ. ತಪ್ಪಾಯಿತು ಎಂದೆ.

“ನಂಗ್ಯಾಕ್ ಸಾರ್ ಹೇಳ್ತೀರಿ?” ಎಂದಳು. “ನಾನು ಕದ್ದಿಲ್ಲ ಅಂತ ನಂಗ್ ಗೊತ್ತಿಲ್ವಾ? ಊರಲ್ಲಿ ಹೇಳಿ. ಅವ್ರು ನನ್ನ ಕಳ್ಳಿ ಅನ್ಕೊಂಡವ್ರೆ. ನಮ್ ಚಿಕ್ಕಪ್ಪ ತೀರ್ಕೊಂಡಾಗ್ಲೂ ಮಣ್ಣಿಗೆ ಹೋಗ್ಲಿಲ್ಲ ನಾನು, ಆ ಮುಖಗಳನ್ನ ನೋಡಕ್ಕಾಗ್ದೆ. ಹೇಳ್ಬುಟ್ಟು ನಂಗೊಂದ್ ಫೋನ್ ಮಾಡಿ. ನಂಬಿದ್ರಾ ಇಲ್ವಾ ಅಷ್ಟು ಹೇಳಿ ಸಾಕು.”

ಆ ಸೋಮವಾರವೇ ಹೋದೆ. ಸಂಘದ ಸಭೆ ಅಂಗನವಾಡಿ ಜಗಲಿಯ ಮೇಲೆ ನಡೆಯುತ್ತಿತ್ತು. ಹದಿನಾಲ್ವರಲ್ಲಿ ಒಂಬತ್ತು ಜನ ಉಳಿದಿದ್ದರು. ನಿಂತುಕೊಂಡೇ ಹೇಳಿದೆ. ನಂಬರು ಹಾಕಿದವನು ನಾನು, ಅವಳು ಬೇಡ ಅಂದಿದ್ದಳು, ಫೋನು ಕೆಟ್ಟಾಗ ನನ್ನ ಹತ್ತಿರ ಓಡಿ ಬಂದಿದ್ದಳು, ಓಡಿಸಿದವನು ನಾನು. ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದು ಕಾದೆ. ನಂಜಮ್ಮ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದಳು. ಅವಳು ತಲೆಯೆತ್ತಿ ಹೇಳಿದಳು.

“ಗೊತ್ತು ಕಣಪ್ಪ.”

“ಏನು ಗೊತ್ತು?”

“ಗಂಗಮ್ಮ ಕದೀಲಿಲ್ಲ ಅಂತ. ಅವತ್ತೇ ಗೊತ್ತಿತ್ತು. ನೀನು ಬರ್ದಿದ್ದು ನಾವು ನೋಡ್ಲಿಲ್ವಾ? ನಮ್ ಹೆಬ್ಬೆಟ್ಟಿಗೆ ಮಸಿ ಹಚ್ಚಿದ್ದೇ ನೀನು.”

“ಮತ್ಯಾಕಮ್ಮ ಅವಳನ್ನ…”

“ನಿನ್ನ ಬೈಯಕ್ಕಾಗ್ತಿತ್ತಾ? ನೀನು ಗಾಜಿನ ಆಚೆ ಕೂತಿದ್ದೆ. ನಿನ್ ಮ್ಯಾನೇಜರ್ನ ಬೈದ್ರೆ ಮುಂದಿನ್ ತಿಂಗ್ಳು ನಮ್ಗೆ ಪೆನ್ಷನ್ ಯಾರ್ ಕೊಡ್ತಿದ್ರು? ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಹಂಗೆ. ಅವಳು ನಮ್ಮೋಳು, ಕೈಗೆ ಸಿಕ್ಳು.” ಎಲೆ ಮಡಿಸಿ ಬಾಯಿಗಿಟ್ಟುಕೊಂಡು, “ನಿಂಗೂ ಪೆನ್ಷನ್ ಬೇಕಿತ್ತು, ನಮ್ಗೂ ಬೇಕಿತ್ತು. ಹೋಗು, ಬಿಸ್ಲು ಜಾಸ್ತಿಯಾಯ್ತದೆ” ಎಂದಳು.

ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಬೆಂಚಿನ ಮೇಲೆ ಕೂತೆ. ಶಿವಗಂಗಮ್ಮನಿಗೆ ಏನು ಹೇಳಲಿ? ‘ನಂಬಿದರು, ಅತ್ತರು, ಬಾ ಅಂದರು’ ಎಂದು ಸುಳ್ಳು ಹೇಳಬಹುದಿತ್ತು. ಅವಳ ವಿಷಯದಲ್ಲಿ ನಾನು ಸುಳ್ಳು ಹೇಳಿದ್ದು ಸಾಕಾಗಿತ್ತು. ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದಳು, ಕೈಯಲ್ಲೇ ಹಿಡಿದುಕೊಂಡಿದ್ದಳೋ ಏನೋ.

“ನಂಬಿದ್ರಾ ಸಾರ್?”

“ನಂಬೋದೇನಮ್ಮ… ಅವ್ರಿಗೆ ಮೊದ್ಲಿಂದ್ಲೂ ಗೊತ್ತಿತ್ತಂತೆ. ನೀನು ಕದ್ದಿಲ್ಲ ಅಂತ.”

ಆ ಕಡೆ ಮಷೀನುಗಳ ಸದ್ದು ಕೇಳಿಸುತ್ತಿತ್ತು.

“ಗೊತ್ತಿದ್ದೂ ಕಳ್ಳಿ ಅಂದ್ರಾ ಸಾರ್?” ಎಂದಳು.

ಗೊತ್ತಿದ್ದೂ ಸುಮ್ಮನಿದ್ದವರಲ್ಲಿ ಮೊದಲನೆಯವನು ನಾನು. ಅವಳೇ ಫೋನ್ ಇಟ್ಟಳು.